ಕಿಟಕಿ ಕದಕ್ಕೂ ಕೆಳಗಡೆ ಅಂತ ಒಂದಿದೆ, ಸ್ವಾಮಿ!

ಮಲೆನಾಡಿನ ಮಳೆಗೆ ಮೈಯೊಡ್ಡೋ ಕಿಟಕಿ ಕದಕ್ಕೆ ಬಣ್ಣ ಹೊಡೀರಿ ಅಂದ್ರೆ, ಪೇಂಟರ್‌ಗಳು ಚಕ್ಕೆ ಎದ್ದ ಹಳೇ ಎನಾಮಲ್ ಮೇಲೇ ಬಳಿದು ಕೈ ತೊಳ್ಕೋತಾರೆ. ಒಂದೇ ಮಳೆಗಾಲ, ಹೊಸ ಬಣ್ಣವೂ ಹಪ್ಪಳದ ಹಾಗೆ ಏಳುತ್ತೆ. ಸಡಿಲ ಪದರ ಸ್ಕ್ರೇಪರ್‌ನಲ್ಲಿ ಕೆರೀಬೇಕು. ಬಿಸಿಲಿಗೆ ಬೂದಿ ಬಣ್ಣ ತಿರುಗಿದ ಮರವನ್ನು 80 ನಂಬರ್ ಸ್ಯಾಂಡ್ ಪೇಪರಲ್ಲಿ ಗಟ್ಟಿ ಮರ ಕಾಣೋವರೆಗೂ ಉಜ್ಜಿ, ಆಮೇಲೆ 120. ಸತ್ತ ನಾರಿನ ಮೇಲೆ ಪ್ರೈಮರ್, ಅಂದ್ರೆ ಬಣ್ಣಕ್ಕೂ ಮೊದಲು ಬಳಿಯೋ ತಳಪದರ, ನಿಲ್ಲಲ್ಲ. ಪ್ರೈಮರ್ ಪೂರ್ತಿ ಒಣಗಿದ ಮೇಲೇ ಎನಾಮಲ್, ತೆಳುವಾಗಿ ಎರಡು ಕೋಟ್. ಗೋಡೆಯ ಪುಟ್ಟಿ ಮರದ ಬಿರುಕಿಗೆ ತುರುಕೋದಂತೂ ಶುದ್ಧ ಮೋಸ! ಕದದ ಕೆಳ ಅಂಚಿಗೆ ಬ್ರಷ್ಷೇ ತಾಗಲ್ಲ, ಕಾಣಲ್ವಲ್ಲ. ನೀರು ಹೀರೋದು ಅಲ್ಲಿಂದಲೇ. ಆಷಾಢದಲ್ಲಿ ಕದ ಉಬ್ಬಿ ಚೌಕಟ್ಟಿಗೆ ಕಚ್ಕೊಂಡ್ರೆ, ಬೈಸ್ಕೊಳ್ಳೋನು ಬಡಗಿ.