ಕಾಕಾನ ಕೋಣೆ ಹೇಗಿದೆ ಅಂತ ಯಾರೂ ಕೇಳಲಿಲ್ಲ

ಚಿಗವ್ವನ ಮನೆಯಿಂದ ಈಗಷ್ಟೇ ನಮ್ಮ ಮನೆಗೆ ಬಂದೆ. ಊಟ ಸೇರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೇನೆ.

ಅವಳ ಜೊತೆ ಎಸಿ ನೋಡೋಕೆ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಕಾಕಾಗೆ ಎಪ್ಪತ್ತೆರಡು ವರ್ಷ. ಧಾರವಾಡದ ಮನೆಯಲ್ಲಿ ಮೇಲಿನ ಕೋಣೆಯಲ್ಲಿ ಮಲಗುತ್ತಾನೆ. ಹದಿನೈದು ದಿನದಿಂದ ರಾತ್ರಿ ಎರಡರವರೆಗೆ ಅವನಿಗೆ ನಿದ್ದೆ ಇಲ್ಲ. ಚಿಗವ್ವ ಹೊಲಿಗೆ ಮಾಡಿ ಕೂಡಿಟ್ಟ ದುಡ್ಡನ್ನು ಚೀಲದ ತಳದಲ್ಲಿ ಇಟ್ಟುಕೊಂಡು ಬಂದಿದ್ದಳು. ಅಂಗಡಿಯಲ್ಲಿ ಇದ್ದಷ್ಟು ಹೊತ್ತೂ ಆ ಚೀಲದ ಮೇಲಿನ ಕೈ ತೆಗೆಯಲಿಲ್ಲ.

ಅಂಗಡಿಯ ಹುಡುಗ ಮಾತು ಶುರು ಮಾಡಿದ್ದೇ ಹೀಗೆ: "ಇನ್ವರ್ಟರ್ ಎಸಿ ಐತ್ರಿ ಅಕ್ಕಾರ, ಕರೆಂಟ್ ಹೋದ್ರೂ ಮನಿ ಇನ್ವರ್ಟರ್ ಮ್ಯಾಲ ನಡೀತೈತಿ." ಚಿಗವ್ವ ನನ್ನ ಮುಖ ನೋಡಿದಳು. "ಹೌದೇನಪಾ?" ಅಂದಳು. ನಾನು ಬಾಯಿ ಬಿಡುವುದರೊಳಗೆ ಅವನು ಮುಂದೆ ಹೋಗಿದ್ದ. "ಎರಡು ಟನ್ನಿಂದ ತಗೋರಿ, ಲಗೂ ಥಂಡ್ ಆಗ್ತೈತಿ. ಬಿಲ್ಲಿನ ಚಿಂತಿ ಯಾಕ್ರಿ, ಗೃಹಜ್ಯೋತಿ ಐತಲ್ಲ?"

ಮೂರು ಮಾತು, ಮೂರೂ ತಪ್ಪು.

ನಾನು ವೈರಿಂಗ್ ಕೆಲಸದವನು ಅಂತ ನಿಮಗೆಲ್ಲ ಗೊತ್ತು. ಇನ್ವರ್ಟರ್ ಎಸಿ ಅಂದರೆ ಒಳಗಿನ ಕಂಪ್ರೆಸರ್ ಅಗತ್ಯಕ್ಕೆ ತಕ್ಕ ಹಾಗೆ ನಿಧಾನ ಅಥವಾ ಜೋರು ತಿರುಗುತ್ತದೆ, ಅಷ್ಟೇ. ಮನೆಯಲ್ಲಿ ಬ್ಯಾಟರಿ ಜೊತೆ ಇಟ್ಟ ಇನ್ವರ್ಟರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡು ಫ್ಯಾನು, ನಾಲ್ಕು ಲೈಟು ನಡೆಸುವ ಬ್ಯಾಟರಿಗೆ ಎಸಿ ಹಚ್ಚಿದರೆ ಏನಾಗುತ್ತದೆ ಅಂತ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಟನ್ ಅನ್ನೋದು ಭಾರವೂ ಅಲ್ಲ. ಕೋಣೆಯಿಂದ ಗಂಟೆಗೆ ಎಷ್ಟು ಶಾಖ ಹೊರಗೆ ಹಾಕುತ್ತದೆ ಅನ್ನೋ ಲೆಕ್ಕ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಮಾನ). ಕಾಕಾನ ಕೋಣೆ ಹತ್ತಕ್ಕೆ ಹನ್ನೆರಡು ಅಡಿ. ಅದಕ್ಕೆ ಎರಡು ಟನ್ ಯಾಕೆ?

ಬಿಲ್ಲಿನ ಮಾತಿಗೆ ಮಾತ್ರ ನಾನು ಸುಮ್ನೆ ಇರಲಿಲ್ಲ. ಪಕ್ಕದಲ್ಲೇ ಇದ್ದ ಒಂದೂವರೆ ಟನ್ನಿನ, ಮೂರು ಸ್ಟಾರ್ ಎಸಿಯ ಲೇಬಲ್ ತೋರಿಸಿದೆ. ವರ್ಷಕ್ಕೆ 960 ಯೂನಿಟ್ ಅಂತ ಇತ್ತು. ಆ ಲೆಕ್ಕ 1600 ಗಂಟೆಗೆ. ಅಂದರೆ ಗಂಟೆಗೆ 0.6 ಯೂನಿಟ್. ರಾತ್ರಿ ಎಂಟು ಗಂಟೆ ಹಾಕಿದರೆ ತಿಂಗಳಿಗೆ 144. ಚಿಗವ್ವನ ಮನೆಯಲ್ಲಿ ಈಗಲೇ ತೊಂಬತ್ತರ ಹತ್ತಿರ ಬರುತ್ತದೆ. ಕೂಡಿದರೆ 234. ಗೃಹಜ್ಯೋತಿಯಲ್ಲಿ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ 34ಕ್ಕೆ ಮಾತ್ರ ಅಲ್ಲ. ಎರಡು ಟನ್ನಿಂದಾದರೆ ಇನ್ನೂ ಜಾಸ್ತಿ. ಇದನ್ನು ಹೇಳದೆ ಎಸಿ ಮಾರುವುದು ಸರಿನಾ?

ಆದರೆ ನನಗೆ ಸಿಟ್ಟು ಬಂದದ್ದು ಈ ಲೆಕ್ಕಕ್ಕಲ್ಲ. ಮುಕ್ಕಾಲು ಗಂಟೆ ಅಲ್ಲಿದ್ದೆವು. ಕೋಣೆ ಎಷ್ಟು ದೊಡ್ಡದು, ಮೇಲೆ ಇನ್ನೊಂದು ಮಹಡಿ ಇದೆಯಾ ಇಲ್ಲಾ ನೇರ ಬಿಸಿಲಾ, ಕಿಟಕಿ ಯಾವ ಕಡೆ, ಮಲಗೋರು ಎಷ್ಟು ಜನ ಅಂತ ಒಬ್ಬರೂ ಕೇಳಲಿಲ್ಲ. ಡಾಕ್ಟರ್ ನಾಡಿ ಹಿಡಿಯದೆ ಗುಳಿಗೆ ಬರೆದುಕೊಟ್ಟರೆ ನಾವು ಒಪ್ಪುತ್ತೇವಾ?

ಆ ಹುಡುಗನಿಗೂ ಟಾರ್ಗೆಟ್ ಇರುತ್ತದೆ, ಅವನ ಹೊಟ್ಟೆಪಾಡು ಅಂತ ನಿಮ್ಮಲ್ಲಿ ಯಾರಾದರೂ ಹೇಳುತ್ತೀರಿ. ಇರಲಿ, ಅವನ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಚಿಗವ್ವನ ದುಡ್ಡೂ ಹೊಟ್ಟೆಪಾಡಿನದೇ. ಕೋಣೆಯ ಅಳತೆ ಕೇಳೋಕೆ ಅರ್ಧ ನಿಮಿಷ ಸಾಕು. ಅದರಿಂದ ಯಾರ ಟಾರ್ಗೆಟ್ಟೂ ಕೆಡುವುದಿಲ್ಲ.

ಒಂದು ಮಾತು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವನ ಕೊನೆಯ ಬೇಸಿಗೆಯಲ್ಲಿ ನಾನೇ ಹೀಗೆ ಮೋಸ ಹೋಗಿದ್ದೆ. "ಬಾಗಿಲು, ಕಿಟಕಿ ಮುಚ್ಚಿ ಹಾಕ್ರಿ, ಎಸಿ ಥರಾನೇ ಆಗ್ತೈತಿ" ಅಂತ ಒಬ್ಬರು ಕೂಲರ್ ಕೊಟ್ಟರು. ಕೂಲರ್ ಕೆಲಸ ಮಾಡುವುದು ನೀರು ಆರಿದಾಗ. ಒಣ ಗಾಳಿ ಹೊರಗಿಂದ ಬರಬೇಕು, ತೇವದ ಗಾಳಿ ಕಿಟಕಿಯಿಂದ ಹೊರಗೆ ಹೋಗಬೇಕು. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಿ ಅದು ಒಳ್ಳೆಯದೇ. ನಾನು ಹಚ್ಚಿದ್ದು ಮೇ ಕೊನೆಗೆ, ಅಡ್ಡಮಳೆ ಬಿದ್ದ ಮೇಲಿನ ಸೆಕೆಯಲ್ಲಿ, ಎಲ್ಲಾ ಮುಚ್ಚಿ. ಬೆಳಿಗ್ಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಹಾಳೆ ಮೆತ್ತಗಾಗಿ ಜೋತು ಬಿದ್ದಿತ್ತು. ಅವ್ವನ ಸೀರೆಯ ಬೆನ್ನು ಪೂರ್ತಿ ಒದ್ದೆ. "ಇರ್ಲಿ ಬಿಡೋ, ಗಾಳಿ ಬರಾಕತ್ತಿತ್ತು" ಅಂದಳು, ನನಗೆ ಬೇಜಾರಾಗಬಾರದು ಅಂತ. ನನಗೆ ಗೊತ್ತಿತ್ತು. ಆದರೂ ಒಂದು ಕಿಟಕಿ ತೆಗೆಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹೀಗಾಗಿ ಇವತ್ತು ಅಂಗಡಿಯಿಂದ ಚಿಗವ್ವನನ್ನು ಎಬ್ಬಿಸಿಕೊಂಡು ಬಂದೆ. ಸೀದಾ ಅವಳ ಮಾಳಿಗೆ ಹತ್ತಿದೆವು. ಸಂಜೆ ಐದೂವರೆ. ಚಪ್ಪಲಿ ಬಿಟ್ಟು ಸ್ಲ್ಯಾಬಿನ ಮೇಲೆ ಕಾಲಿಟ್ಟ ಚಿಗವ್ವ ತಕ್ಷಣ ಹಿಂದೆ ತೆಗೆದಳು. ರಾತ್ರಿ ಒಂಬತ್ತಕ್ಕೆ ಕೆಳಗೆ ಸ್ಟೂಲು ಹತ್ತಿ ಅದೇ ಸ್ಲ್ಯಾಬಿನ ಹೊಟ್ಟೆ ಮುಟ್ಟಿದೆ. ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಅಲ್ಲ, ಆದರೆ ಇಳಿಸಿ ಸ್ವಲ್ಪ ಹೊತ್ತಾದ ಹಂಚಿನ ಹಾಗೆ. ಹಗಲಿಡೀ ಕುಡಿದ ಬಿಸಿಲನ್ನು ಕಾಂಕ್ರೀಟ್ ರಾತ್ರಿ ಕಾಕಾನ ಮೇಲೆ ಬಿಡುತ್ತಿದೆ. ಹೊರಗೆ ಗಾಳಿ ಆಗಲೇ ತಂಪಾಗಿತ್ತು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದ ಊರು, ಬೇಸಿಗೆಯಲ್ಲೂ ರಾತ್ರಿ ಗಾಳಿ ಬರುತ್ತದೆ. ಗದಗ ಕಡೆಯ ನಮ್ಮ ಅಜ್ಜಿಯ ಮಣ್ಣಿನ ಮನೆಯಲ್ಲಿ ದಪ್ಪ ಗೋಡೆ, ಬೆಳಕಿಂಡಿ ಇಷ್ಟರಲ್ಲೇ ಬೇಸಿಗೆ ಕಳೀತಿತ್ತು. ನಾವು ಸ್ಲ್ಯಾಬ್ ಹಾಕಿದೆವು, ಅದರ ಬಿಸಿಗೆ ಏನು ಮಾಡಬೇಕು ಅಂತ ಯೋಚಿಸಲಿಲ್ಲ.

ಎಸಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಕಾನ ವಯಸ್ಸಿಗೆ ಬೇಕಾಗಬಹುದು. ಮೊದಲು ಮಾಳಿಗೆಗೆ ಎರಡು ಕೋಟ್ ಬಿಳಿ ಸುಣ್ಣ. ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ. ಒಳಗಿನ ಪರದೆ ಸಾಲದು, ಅಷ್ಟರಲ್ಲಿ ಬಿಸಿಲು ಗಾಜು ದಾಟಿರುತ್ತದೆ. 75 ವ್ಯಾಟಿನ ಹಳೇ ಫ್ಯಾನ್ ತೆಗೆದು 30 ವ್ಯಾಟ್ ಆಸುಪಾಸಿನ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್. ಆಮೇಲೂ ನಿದ್ದೆ ಬರದಿದ್ದರೆ ಸಣ್ಣ ಎಸಿ ತರೋಣ, 26ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಸಾಕಾಗುತ್ತದೆ.

ಅಂಗಡಿಯಿಂದ ಆಗಲೇ ಮೂರು ಸಲ ಫೋನ್ ಬಂತು. ಆಫರ್ ಇವತ್ತೇ ಕೊನೆ ಅಂತೆ. ಕೋಣೆಯ ಅಳತೆ ಈಗಲೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಸುಣ್ಣ ಹಚ್ಚುತ್ತೇವೆ. ಇನ್ನಿಬ್ಬರು ಬೇಕು. ಯಾರ ಹತ್ತಿರ ಉದ್ದ ಹಿಡಿಕೆಯ ಬ್ರಷ್ ಇದೆ, ತಗೊಂಡು ಬನ್ನಿ. ಚಿಗವ್ವ ಉಪ್ಪಿಟ್ಟು ಮಾಡ್ತೀನಿ ಅಂದಿದ್ದಾಳೆ.