ಹಾರ್ನ್ ಇಲ್ಲದ ಗಾಡಿ

1989ರಲ್ಲಿ ಅಟಾರಿ ಗೇಮ್ಸ್ ಹೊರತಂದ ‘ಹಾರ್ಡ್ ಡ್ರೈವಿನ್’ ಎಂಬ, ಕಾಸು ಹಾಕಿ ಆಡುವ ಆರ್ಕೇಡ್ ಆಟದ ಯಂತ್ರವು ಕಾರು ಓಡಿಸುವ ಸುಖಕ್ಕಿಂತ ಅದರ ಕಷ್ಟಗಳನ್ನೇ ಹೆಚ್ಚು ಶ್ರದ್ಧೆಯಿಂದ ಒದಗಿಸುತ್ತಿತ್ತು. ಸೀಟು ಹಿಂದೆ ಮುಂದೆ ಸರಿಸಿಕೊಂಡು, ಕೀಲಿ ತಿರುಗಿಸಿ, ಕ್ಲಚ್ ತುಳಿದು, ನಾಲ್ಕು ಗೇರುಗಳನ್ನು ಸಂಭಾಳಿಸುವ ಭಾಗ್ಯಕ್ಕಾಗಿ ಜನ ಕಾಸು ಕೊಟ್ಟು ಸರದಿಯಲ್ಲಿ ನಿಲ್ಲುತ್ತಿದ್ದರು. ಸ್ಟೀರಿಂಗ್ ಕೂಡ ಮೋಟಾರಿನ ಬಲದಿಂದ ಕೈಗೆ ಎದುರು ತಿರುಗುತ್ತಿತ್ತು.

ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಮೈಸೂರಿನಿಂದ ಬಂದಿದ್ದ ಭಾವನವರು ಅರ್ಧ ಆಯುಷ್ಯವನ್ನು ಅಂಬಾಸಿಡರ್‌ನಲ್ಲಿ ಕಳೆದವರು. ಆಟದಂಗಡಿಯಲ್ಲಿ ಆ ಯಂತ್ರದ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕುಳಿತರು. ಅವರ ಕಾರಿನ ಗೇರು ಸ್ಟೀರಿಂಗ್ ಕಂಬಕ್ಕೆ ಅಂಟಿಕೊಂಡು ಎಡಗೈಗೆ ಸಿಗುತ್ತಿತ್ತು, ಇಲ್ಲಿಯದು ಬಲಗಡೆ. ಎಡಗೈ ಗಾಳಿಯಲ್ಲಿ ಗೇರಿಗಾಗಿ ತಡಕಾಡುತ್ತಿರುವಾಗಲೇ ಕಾರು ರಸ್ತೆ ಬಿಟ್ಟು ಹಸುವಿಗೆ ಗುದ್ದಿತು. ಹಸು ‘ಅಂಬಾ’ ಎಂದಿತು. ‘ಅಯ್ಯೋ ರಾಮ’ ಎಂದು ಗಡಿಬಿಡಿಯಲ್ಲಿ ರಸ್ತೆಗೆ ಮರಳಿದವರು ಎದುರಿನ ವಾಹನಕ್ಕೆ ಢಿಕ್ಕಿ ಹೊಡೆದರು. ಆ ಅಪಘಾತವನ್ನು ಯಂತ್ರವು ಆಕಾಶದಿಂದ ಕಂಡಂತೆ ಮತ್ತೊಮ್ಮೆ, ಸರದಿಯಲ್ಲಿದ್ದ ಹುಡುಗರೆಲ್ಲ ನೋಡುವಂತೆ, ನಿಧಾನವಾಗಿ ತೋರಿಸಿತು. ಇಷ್ಟೊಂದು ಪ್ರಾಮಾಣಿಕತೆ ಒಂದು ಆಟಕ್ಕೆ ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಆಟದ ಮನೆಯ ಆವೃತ್ತಿಗಳು ಅಮಿಗಾ, ಅಟಾರಿ ಎಸ್‌ಟಿ, ಪಿಸಿ ಮುಂತಾದ ಕಂಪ್ಯೂಟರುಗಳಿಗೆ ಬಂದವು. ಬಹುಭುಜಗಳಿಂದ ಕಟ್ಟಿದ ಆ ಮೂರು ಆಯಾಮದ ಲೋಕವನ್ನು ಹೊರಲಾರದ ಕಮೊಡೋರ್ 64ರಲ್ಲಂತೂ ಕಾರು ರಥೋತ್ಸವದ ತೇರಿನಂತೆ ಸಾಗುತ್ತಿತ್ತು. ನಮ್ಮ ಪಿಸಿಯಲ್ಲಿ ವೇಗವೇನೋ ಇತ್ತು. ಆದರೆ ಮೂರು ಪೆಡಲುಗಳ ಕೆಲಸವೆಲ್ಲ ಬೆರಳುಗಳ ಪಾಲಿಗೆ ಬಂದಿತ್ತು. ಇದನ್ನು ಭಾವನವರ ಎಡಗಾಲು ಒಪ್ಪಲಿಲ್ಲ. ಎತ್ತರದ ಸೇತುವೆಯಿಂದ ಹಾರಿ, ಆಚೆ ಬದಿಗೆ ಇಳಿಯುವ ಅಮೃತಗಳಿಗೆಯಲ್ಲಿ ಅದು ಇಲ್ಲದ ಕ್ಲಚ್ಚನ್ನು ಹುಡುಕಿ, ಮೇಜಿನ ಕೆಳಗಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚನ್ನು ಬಲವಾಗಿ ಒತ್ತಿತು. ಕಾರು, ಸೇತುವೆ, ಪರದೆ ಎಲ್ಲವೂ ಒಮ್ಮೆಲೇ ಕಪ್ಪಾದವು. ಪಕ್ಕದ ಕೋಣೆಯಲ್ಲಿ ಅಕ್ಕ, ‘ಕರೆಂಟು ಇಲ್ಲೂ ಹೋಗುತ್ತದೆಯೇ?’ ಎಂದು ಸಂತೋಷದಿಂದ ಕೇಳಿದಳು.

ಬೋರ್ಡನ್ನು ಗೋಡೆಯ ಕಡೆ ಸರಿಸಿ ಮತ್ತೆ ಶುರು ಮಾಡಿದಾಗ, ಅವರು ನೆಟ್ಟಗೆ ಹೋಗಿ ಹಸುವಿನ ಮುಂದೆ ಕಾರು ನಿಲ್ಲಿಸಿದರು. ಗಡಿಯಾರದಲ್ಲಿ ಸೆಕೆಂಡುಗಳು ಕರಗುತ್ತಿದ್ದವು.

‘ಹಾರ್ನಿಗೆ ಯಾವ ಕೀ?’ ಎಂದರು.

ಹಾರ್ನ್ ಇಲ್ಲವೆಂದೆ.

‘ಕ್ಲಚ್ ಕೊಟ್ಟು, ಹಸು ಕೊಟ್ಟು, ಹಾರ್ನನ್ನೇ ಕೊಡದವರು ನಿಜವಾದ ಗಾಡಿಯನ್ನು ನೋಡಿದ್ದಾರೆಯೇ?’