ಸತ್ಯಾಂಶ: 2520 ಒಂದೇ ನಂಬರ್ ಅಲ್ಲ

"1ರಿಂದ 10ರವರೆಗೆ ಎಲ್ಲದರಿಂದಲೂ ಶೇಷ ಇಲ್ದೆ ಭಾಗ ಆಗೋ ಏಕೈಕ ಸಂಖ್ಯೆ 2520, ಕಂಡುಹಿಡಿದಿದ್ದು ರಾಮಾನುಜನ್" ಅಂತ ಫಾರ್ವರ್ಡ್ ಒಂದು ಸುತ್ತುತ್ತಾನೇ ಇದೆ. ಭಾಗ ಆಗೋದು ನಿಜ, ಏಕೈಕ ಅನ್ನೋದು ಸುಳ್ಳು. ಡಬಲ್ ಮಾಡಿ, 5040, ಅದೂ ಆಗುತ್ತೆ, 7560 ಕೂಡ, ಹಿಂಗೇ ಮುಗಿಯೋದೇ ಇಲ್ಲ. 2520 ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅಷ್ಟೆ, ಸ್ಕೂಲಲ್ಲಿ ಮಾಡ್ತಿದ್ವಲ್ಲ ಲ.ಸಾ.ಅ., ಅದೇ ಇದು. 8, 9, 5, 7 ಗುಣಿಸಿ, ಬಂತು.

ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದ್ರೆ 2520 ಅಂತ ಫಾರ್ವರ್ಡಲ್ಲಿ ಹೇಳೋದೂ ಸರಿನೇ, ಆದ್ರೆ ಅದು ಬರೀ ಕಾಕತಾಳೀಯ, 30ರ ಬದಲು 31 ಹಾಕಿ ನೋಡಿ, 2604, ಅದು 5ರಿಂದ ಭಾಗನೇ ಆಗಲ್ಲ!

ರಾಮಾನುಜನ್ 1915ರಲ್ಲಿ ಬರೆದಿದ್ದು ಇದಕ್ಕಿಂತ ಎಷ್ಟೋ ದೊಡ್ಡ ವಿಷಯ, ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳಿರೋ ಸಂಖ್ಯೆಗಳ ಬಗ್ಗೆ. 2520 ಆ ಗುಂಪಲ್ಲಿದೆ, 48 ಅಪವರ್ತನ. 5040ಕ್ಕೆ 60.